ಹಯಾತಸಾಬನ ಲ್ಯಾಮಿನೇಶನ್

ಶಿಗ್ಗಾಂವಿ ಬಸ್ ಸ್ಟ್ಯಾಂಡಿನ ಎದುರಿಗೆ, ಹೊಲಿಗಿ ಮಶೀನ್ ರಿಪೇರಿ ಅಂಗಡಿ ಮ್ಯಾಲಿನ ಮಾಳಿಗ್ಯಾಗ ಸುಯಮೀಂದ್ರಂದು ಆಫೀಸು. ಆಫೀಸಂದ್ರ ಏನು, ಒಂದು ಮೇಜು, ಒಂದು ಕಂಪ್ಯೂಟರು, ಗ್ವಾಡಿಗೆ ರಾಯರ ಫೋಟೋ, ಬಾಗ್ಲಾಗೊಂದು ಬೋರ್ಡು: ‘ಭಾಷಾಂತರ, ನೋಟರಿ, ಗಲ್ಫ್ ಅಟೆಸ್ಟೇಶನ್.’ ಅವನ ಅಜ್ಜ ಹಾನಗಲ್ಲಿನ್ಯಾಗ ಕುಂತು ಸಂಸ್ಕೃತದ ದೊಡ್ಡ ದೊಡ್ಡ ಗ್ರಂಥ ಕನ್ನಡಕ್ಕ ಇಳಿಸಿದಂವ. ಮೊಮ್ಮಗ ಜನ್ಮದ ದಾಖಲಿ, ಮದಿವಿ ದಾಖಲಿ ಇಂಗ್ಲೀಷಿಗೆ ಏರಸ್ತಾನ. ಅಜ್ಜನ ಗ್ರಂಥ ಓದಿದವ್ರು ಮೋಕ್ಷಕ್ಕ ಹೋದ್ರೋ ಇಲ್ಲೋ ಯಾರಿಗೂ ಗೊತ್ತಿಲ್ಲ. ಮೊಮ್ಮಗ ಬರದ ಕಾಗದ ಹಿಡಕೊಂಡವ್ರಂತೂ ಕುವೈತ, ಕತಾರ ಹೋಗಿ ಮುಟ್ಯಾರ, ಅಲ್ಲಿಂದ ಫೋಟೋನೂ ಕಳಿಸ್ಯಾರ.

ಅವತ್ತು ಆ ಮೇಜಿನ ಮುಂದ ಕುಂತಾಂವ ಸವಣೂರಿನ ಹಯಾತಸಾಬ. ಬಾಜೂಕ ಮಗಳು ಗುಲ್ನಾಜ. ಹುಬ್ಬಳ್ಳಿ ದವಾಖಾನ್ಯಾಗ ನರ್ಸ್ ಆಗಿ ದುಡ್ಯಾಕಿ. ಎರಡು ಸಲ ಇಂಟರ್‌ವ್ಯೂ ಕೊಟ್ಟು ಬಿದ್ದು, ಮೂರನೇ ಸಲಕ್ಕ ಕುವೈತಿನ ಒಂದು ದವಾಖಾನಿಗೆ ಪಾಸಾಗಿದ್ಲು. ಇನ್ನ ಉಳದದ್ದು ಕಾಗದದ ಕೆಲಸ. ಆಕಿ ನರ್ಸಿಂಗ್ ಡಿಪ್ಲೊಮಾದ ಅಸಲು ಸರ್ಟಿಫಿಕೇಟಿಗೆ ಮೊದಲು ಬೆಂಗಳೂರಿನ ಸರಕಾರಿ ಮುದ್ರಿ-ಶಿಕ್ಕಾ, ಆಮ್ಯಾಲೆ ದಿಲ್ಲಿ ಶಿಕ್ಕಾ, ಕಡೀಕ ಕುವೈತ ದೂತಾವಾಸದ ಶಿಕ್ಕಾ ಬೀಳಬೇಕು. ಅಷ್ಟೂ ಬಿದ್ದ ಕಾಗದ ತಿಂಗಳ ಕಡೀಕ ಅಲ್ಲಿಗೆ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಜಾಗಾ ಪಾಳೇದಾಗ ಹಿಂದ ನಿಂತಾಕಿಗೆ ಹೋಗತೈತಿ.

ಸುಯಮೀಂದ್ರ ಜನ್ಮದ ದಾಖಲಿ ನೋಡಿದ. ಕನ್ನಡದಾಗಿತ್ತು. “ಇದು ನನ್ನ ಪಾಲಿಂದು, ನಾಳೆ ಇಂಗ್ಲೀಷ್ ಮಾಡಿ ಇಡ್ತೇನಿ. ಅರಬ್ಬಿ ಮಾಡೋರು ಬೆಂಗಳೂರಾಗ ಇದ್ದಾರ” ಅಂದ. ಪಾಸ್‌ಪೋರ್ಟ್ ನೋಡಿದ, ತಲಿ ಅಲ್ಲಾಡಿಸಿದ. ಆಮ್ಯಾಲೆ ಡಿಪ್ಲೊಮಾ ಸರ್ಟಿಫಿಕೇಟ್ ಎತ್ತಿದ. ಎತ್ತಿದಂವ ಹಂಗ ಕುಂತಬಿಟ್ಟ. ಕಿಟಕಿ ಬೆಳಕಿಗೆ ಹಿಡದ. ಸರ್ಟಿಫಿಕೇಟು ಹೊಸ ಮದುಮಗಳ ಕನ್ನಡಿ ಹೊಳದಂಗ ಹೊಳೀತು. ಉಗುರಿಲೆ ಬಡದ. ಟಕ್, ಟಕ್.

“ಕಾಕಾ, ಇದರ ಮ್ಯಾಲೆ ಶಿಕ್ಕಾ ಎಲ್ಲೆ ಹೊಡೀಬೇಕ್ರಿ?”

“ಹಿಂದ ಜಾಗಾ ಬಾಳ ಐತಲ್ರಿ” ಅಂದ ಹಯಾತಸಾಬ.

“ಜಾಗಾ ಅದ, ಕಾಗದ ಇಲ್ಲಲ್ಲ. ಎರಡೂ ಕಡೆ ಪ್ಲಾಸ್ಟಿಕ್ ಅದ. ಶಾಯಿ ನಿಲ್ಲೂದಿಲ್ಲ, ಚೀಟಿ ಹತ್ತೂದಿಲ್ಲ. ಲ್ಯಾಮಿನೇಶನ್ ಮಾಡಿದ ಅಸಲು ಕಾಗದಕ್ಕ ಅಲ್ಲೆ ಯಾರೂ ಕೈ ಹಚ್ಚೂದಿಲ್ಲ. ಹೊಳ್ಳಿ ಒಗೀತಾರ. ಯಾವ ಪುಣ್ಯಾತ್ಮ ಮಾಡಿದ್ದರೀ ಇದನ್ನ, ಇಷ್ಟು ದಪ್ಪಗ?”

ಹಯಾತಸಾಬ ರಾಯರ ಫೋಟೋ ನೋಡಾಕತ್ತಿದ. ಗುಲ್ನಾಜ ಕೆಳಗ ನೋಡಿದ್ಲು. ಕಡೀಕ ಆಕೀನ ಅಂದ್ಲು, “ನಮ್ಮ ಅಬ್ಬಾರಿ.”

ಇಲ್ಲೆ ಒಂಚೂರು ತಡೀರಿ. ಹಯಾತಸಾಬ ಅಂದ್ರ ಯಾರು ಅಂತ ತಿಳೀಲಿಲ್ಲಂದ್ರ ಆ ಮಾತು ಅವನಿಗೆ ಎಲ್ಲಿ ಹೋಗಿ ನಟ್ಟಿತು ಅನ್ನೂದು ತಿಳಿಯಂಗಿಲ್ಲ.

ಹಯಾತಸಾಬನ ಅಪ್ಪ ಸವಣೂರಿನ ಎಲಿತೋಟದಾಗ ದುಡದಂವ. ಸವಣೂರು ಎಲಿ ಅಂದ್ರ ಗೊತ್ತಲ್ರಿ, ಬಾಯಾಗ ಇಟ್ರ ಕರಗಬೇಕು, ಬುಟ್ಟ್ಯಾಗ ಇಟ್ರ ಬಾಡಬೇಕು. ದಿನಾ ಬಾಡಿದ ಎಲಿ ಹೊರಗ ಚೆಲ್ಲೂದು ನೋಡಿ ನೋಡಿ ಹುಡುಗ ಹಯಾತನಿಗೆ ಒಂದು ಸಿಟ್ಟಿತ್ತು: ಚೊಲೋ ವಸ್ತು ಯಾಕ ಕೆಡಬೇಕು? ಆ ಸಿಟ್ಟಿಗೆ ಎಣ್ಣಿ ಹೊಯ್ದದ್ದು ಗೆದ್ದಲ. ಮುನಸಿಪಾಲ್ಟ್ಯಾಗ ನೌಕರಿ ಆಗೂದಿತ್ತು, ಶಾಲಿ ದಾಖಲಿ ತರ್ರಿ ಅಂದ್ರು. ಟ್ರಂಕ್ ತಗದ್ರ ದಾಖಲಿ ಇದ್ದಲ್ಲಿ ಒಂದು ಹಿಡಿ ಮಣ್ಣು. ಹೆಡ್‌ಮಾಸ್ತರರ ಸಹೀನೂ ತಿಂದಿದ್ವು, ಶಾಲಿ ಹೆಸರೂ ತಿಂದಿದ್ವು. ಹಯಾತ ಹೇಳ್ತಿದ್ದ, “ಆ ಗೆದ್ದಲ ನನಗಿಂತ ಜಾಸ್ತಿ ಕಲತಾವ. ಅವಕ್ಕ ನೌಕರಿ ಕೊಡ್ರಿ.”

ಆಮ್ಯಾಲೆ ಹೆಂಗೋ ಮಾಡಿ ಸವಣೂರು ಬಸ್ ಸ್ಟ್ಯಾಂಡ್ ಬಾಜೂಕ, ಖಾರದ ಅಂಗಡಿಗೆ ಹತ್ತಿ, ಜೆರಾಕ್ಸ್ ಮಶೀನು, ಲ್ಯಾಮಿನೇಶನ್ ಮಶೀನು ಇಟ್ಟ. ಜೆರಾಕ್ಸು ಹೊಟ್ಟಿಗೆ, ಲ್ಯಾಮಿನೇಶನ್ನು ಪುಣ್ಯಕ್ಕ. ಯಾರರ ಮಕ್ಕಳು ಪಾಸಾದ ಕಾಗದ ತಂದ್ರಂದ್ರ, ಮೊದಲು ಕೈ ತೊಳಕೊಳ್ಳಾಂವ. ಅತ್ತರ ಹಚ್ಚಿದ ಅರಬಿ ತುಂಡಿಲೆ ಧೂಳ ಒರಸಾಂವ. ಬಿಸ್ಮಿಲ್ಲಾ ಅಂತ ಮಶೀನಿನ್ಯಾಗ ಬಿಡಾಂವ. ಹೊರಗ ಬಂದ ಬಿಸಿ ಬಿಸಿ ಕಾಗದ ಹುಡುಗನ ಅವ್ವನ ಕೈಯಾಗ ಕೊಟ್ಟು, “ಇನ್ನ ಇದನ್ನ ಮಳಿ ಮುಟ್ಟಂಗಿಲ್ಲ, ಗೆದ್ದಲ ಮುಟ್ಟಂಗಿಲ್ಲ, ಸೊಸಿ ಮುಟ್ಟಿದ್ರೂ ಏನೂ ಆಗಂಗಿಲ್ಲ” ಅನ್ನಾಂವ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ಎಲ್ಲಾ ಕಡಿಯಿಂದ ಜನ ಬರಾಕತ್ತಿದ್ರು. ರಿಜಲ್ಟ್ ಬಂದ ದಿನ ಅವನ ಅಂಗಡಿ ಮುಂದ ಪಾಳೆ ಮಸೂತಿ ತನಕ.

ಅವನ ಕೆಲಸದ ಗಟ್ಟಿತನಕ್ಕ ಹಂಸಭಾವಿ ಫಕ್ಕೀರಪ್ಪನ ಎಮ್ಮಿ ಸಾಕ್ಷಿ. ಫಕ್ಕೀರಪ್ಪ ಹೊಲದ ಉತಾರ ಲ್ಯಾಮಿನೇಶನ್ ಮಾಡಿಸಿಕೊಂಡು ಹೋಗಿ ಎಮ್ಮಿ ಮೇಯೂ ಗ್ವಾದಲಿ ಮ್ಯಾಲಿಟ್ಟ, ಎಮ್ಮಿ ನುಂಗಿಬಿಡ್ತು. ನುಂಗಿದ್ದು ನಾಕು ದಿನಕ್ಕ ಹೊರಗ ಬಂತು. ಬಕೀಟ್ ನೀರಾಗ ಅದ್ದಿ ತಗದ್ರ ಸರ್ವೆ ನಂಬರೂ ಹಂಗ ಐತಿ, ತಲಾಟಿ ಸಹೀನೂ ಹಂಗ ಐತಿ. ಅವತ್ತಿನಿಂದ ಆ ಎಮ್ಮಿ ಹಾಲು ಹಿಂಡಿದ್ರ ಒಂದು ನಮೂನಿ ಹೊಳಪು ಇರ್ತಿತ್ತು ಅಂತಾರ. ಸುಳ್ಳನ್ನೋರು ಹಂಸಭಾವಿಗೆ ಹೋಗಿ ಕೇಳ್ರಿ. ಎಮ್ಮಿ ಸತ್ತೈತಿ, ಫಕ್ಕೀರಪ್ಪ ಅದಾನ.

ಇಂಥಾ ಹಯಾತಸಾಬ ತನ್ನ ಸ್ವಂತ ಮಗಳು ಡಿಪ್ಲೊಮಾ ಪಾಸಾಗಿ ಬಂದ ದಿನ ಸುಮ್ಮನ ಬಿಟ್ಟಾನೇನ್ರಿ? ಪ್ಯಾಟ್ಯಾಗ ಎಲ್ಲಾಕ್ಕಿಂತ ದಪ್ಪನ ಫಿಲ್ಮ್ ಹುಬ್ಬಳ್ಳಿಯಿಂದ ತರಿಸಿದ. ಒಂದು ಸಲ ಮಶೀನಿನ್ಯಾಗ ಬಿಟ್ಟ, ಸಮಾಧಾನ ಆಗಲಿಲ್ಲ, ಇನ್ನೊಂದು ಸಲ ಬಿಟ್ಟ. ಹಿಂಗ ಮಗಳ ನಸೀಬನ್ನ ತಾನ ಕೈಯಾರೆ ಒಳಗ ಹಾಕಿ ಸುತ್ತೂ ಕಡೆ ಮುಚ್ಚಿಬಿಟ್ಟಿದ್ದ.

ಈಗ ಶಿಗ್ಗಾಂವಿ ಮಾಳಿಗ್ಯಾಗ ಆ ಸರ್ಟಿಫಿಕೇಟಿನ ಅಂಚು ಬೆರಳಿಲೆ ಸವರಿದ.

“ನರ್ಸಿಂಗ್ ಬೋರ್ಡಿನಿಂದ ನಕಲು ತಗಸಿದ್ರ?” ಅಂದ.

“ಅರ್ಜಿ, ಪೊಲೀಸ್ ಸ್ಟೇಶನ್ನು, ಪೇಪರಿನ್ಯಾಗ ಜಾಹೀರಾತು, ಬೋರ್ಡಿನ ಮೀಟಿಂಗು... ಈಗ ಹಚ್ಚಿದ್ರ ದೀಪಾವಳಿ ಹೊತ್ತಿಗೆ ಬಂದೀತು. ಆ ದವಾಖಾನಿ ಅಲ್ಲೀತನಕ ಹಾದಿ ಕಾಯ್ತದೇನ್ರಿ?” ಸುಯಮೀಂದ್ರ ಕನ್ನಡಕ ತಗದು ಮೇಜಿನ ಮ್ಯಾಲಿಟ್ಟ. “ಮಂಗಳವಾರ ನನ್ನ ಕಾಗದಗೋಳು ದಿಲ್ಲಿಗೆ ಹೋಗ್ತಾವ. ಸೋಮವಾರ ಬೆಂಗಳೂರು ಶಿಕ್ಕಾ ಬಿದ್ರ ಇದೂ ಅದರಾಗ ಹೋಗ್ತದ. ಇಲ್ಲಾಂದ್ರ ತಿಂಗಳ ಕಡೀಕ ಮುಟ್ಟೂದಿಲ್ಲ. ಪ್ಲಾಸ್ಟಿಕ್ ಬಿಚ್ಚಲಿಕ್ಕೆ ಬಂದ್ರ ಬಿಚ್ಚರಿ. ಆದ್ರ ಹರದ್ರ ಕಾಕಾ, ಆಮ್ಯಾಲೆ ನಕಲೂ ಕಷ್ಟ, ಅಸಲೂ ಇಲ್ಲ.”

ಸವಣೂರು ಬಸ್ಸಿನ್ಯಾಗ ಅಪ್ಪ ಮಗಳು ಬಾಜೂಕ ಬಾಜೂಕ ಕುಂತ್ರು. ಗುಲ್ನಾಜ ಬೈದಿದ್ರ ಚೊಲೋ ಇತ್ತು. ಆಕಿ ಕಿಟಕಿ ಹೊರಗ ನೋಡಾಕತ್ತಿದ್ಲು. ಬಸ್ಸಿಳಿಯೂ ಹೊತ್ತಿಗೆ ಒಂದ ಮಾತು ಕೇಳಿದ್ಲು, “ಅಬ್ಬಾ, ಬಿಚ್ಚಾಕ ಬರ್ತೈತೇನ್ರಿ?”

“ಹಾಕಿದಂವನಿಗೆ ತಗ್ಯಾಕ ಬರಂಗಿಲ್ಲೇನು?” ಅಂದ ಹಯಾತಸಾಬ. ಅಂದಂವನಿಗೆ ಗೊತ್ತಿತ್ತು, ಒಂದು ಸಲಾನೂ ತಗದಿಲ್ಲ ಅಂತ. ಮಸಾಲಿ ಅರಿಯಾಕ ಬಂದಾಕಿಗೆ ಅರದ ಮಸಾಲಿ ಹೊಳ್ಳಿ ಮೆಣಸಿನಕಾಯಿ ಮಾಡಾಕ ಬರ್ತೈತೇನ್ರಿ?

ಮನ್ಯಾಗ ಹೆಂಡತಿ ಕುಲಸುಮಬಿ ಎಲ್ಲಾ ಕೇಳಿಸಿಕೊಂಡ್ಲು. ಕೈಯಾನ ರೊಟ್ಟಿ ತಟ್ಟೂದು ನಿಲ್ಲಿಸಲಿಲ್ಲ. “ನಾ ಅವತ್ತ ಅಂದಿದ್ದೆ, ಬ್ಯಾಡ್ರಿ, ಕವರಿನ್ಯಾಗ ಹಾಕಿ ಇಡೋಣು ಅಂತ. ನಿಮಗ ಕೈ ತಡೀಲಿಲ್ಲ. ನನ್ನೂ ಒಂದಿನ ಆ ಮಶೀನಿನ್ಯಾಗ ಬಿಟ್ಟುಬಿಡ್ರಿ, ಮುಪ್ಪಾಗಂಗಿಲ್ಲ.”

“ನೀ ಹಿಡಸಂಗಿಲ್ಲ” ಅಂದ ಹಯಾತಸಾಬ. ಬ್ಯಾರೆ ದಿನ ಆಗಿದ್ರ ಮೂರೂ ಮಂದಿ ನಗ್ತಿದ್ರು. ಅವತ್ತು ರೊಟ್ಟಿ ಸಪ್ಪಳ ಅಷ್ಟ ಕೇಳಸ್ತಿತ್ತು.

ಮರುದಿನ ಜುಮ್ಮಾ ನಮಾಜ್ ಮುಗಿಸಿ ಬಂದು ಅಂಗಡಿಯಾಗ ಪರೀಕ್ಷಾ ಚಾಲೂ ಮಾಡಿದ. ಮೊದಲು ತಗೊಂಡಿದ್ದು ತನ್ನ ಲಗ್ನಪತ್ರಿಕಿ, ಅದನ್ನೂ ಹಿಂದೊಮ್ಮೆ ಲ್ಯಾಮಿನೇಶನ್ ಮಾಡಿ ಇಟ್ಟಿದ್ದ. ಇಸ್ತ್ರಿಪೆಟ್ಟಿಗಿ ಕಾಸಿ ಮ್ಯಾಲೆ ಇಟ್ಟ. ಕಾವು ಹೆಚ್ಚಾತು, ಪ್ಲಾಸ್ಟಿಕ್ಕು ಹಪ್ಪಳದಂಗ ಉಬ್ಬಿತು. ಎಳದ ಮ್ಯಾಲೆ ನೋಡಿದ್ರ ವರನ ಹೆಸರು ಉಳದಿತ್ತು, ವಧುವಿನ ಹೆಸರು ಫಿಲ್ಮಿನ ಜೋಡಿ ಎದ್ದು ಹೋಗಿತ್ತು. ಅದನ್ನ ಕುಲಸುಮಬಿ ಕಣ್ಣಿಗೆ ಬೀಳದಂಗ ಮಡಚಿ ಕಿಸೆದಾಗ ಇಟ್ಟಕೊಂಡ. ಎರಡನೇದಕ್ಕ, ಲ್ಯಾಮಿನೇಶನ್ ಆದ ಒಂದು ಹಳೇ ಅಚ್ಚಿನ ಕಾಗದಕ್ಕ, ಕಾವು ಕಡಿಮಿ ಮಾಡಿದ, ನಡುವ ಹತ್ತಿ ಅರಬಿ ಹಾಸಿದ. ಮೂಲ್ಯಾಗ ಬ್ಲೇಡಿನ ತುದಿ ತೂರಿಸಿ, ಅಲ್ಲಿಂದ ಹೊಲಿಗಿ ನೂಲು ಒಳಗ ಬಿಟ್ಟು, ಗಡ್ಡಾ ಬೋಳಸೂ ನಾಜೂಕಿಲೆ ಅತ್ತಿಂದಿತ್ತ ಎಳಕೋತ ಹೋದ. ಬಂತು! ಅಚ್ಚಿನ ಅಕ್ಷರ ಎಲ್ಲಾ ಕಾಗದದಾಗ ನಿಂತ್ವು. ಹಯಾತಸಾಬನ ಎದಿ ಭಾರ ಒಂಚೂರು ಇಳೀತು.

ಆಮ್ಯಾಲೆ ಒಂದು ಬಿಳಿ ಹಾಳಿ ಮ್ಯಾಲೆ ಪೆನ್ನಿಲೆ ತನ್ನ ಸಹಿ ಮಾಡಿ, ಲ್ಯಾಮಿನೇಶನ್ ಮಾಡಿ, ಅದನ್ನೂ ಹಂಗ ಬಿಚ್ಚಿದ. ಸಹಿ ಅರ್ಧ ಎದ್ದು ಬಂತು. ಇನ್ನೊಂದು ಸಲ ಮಾಡಿದ. ಮತ್ತ ಎದ್ದು ಬಂತು.

ಮಗಳ ಸರ್ಟಿಫಿಕೇಟ್ ತಗದು ನೋಡಿದ. ಹೆಸರು, ನಂಬರು, ಎಲ್ಲಾ ಅಚ್ಚು. ಕೆಳಗ ಬಲಕ್ಕ ಬೋರ್ಡಿನ ಸೆಕ್ರೆಟರಿ ಸಹಿ. ನೀಲಿ ಶಾಯಿ. ಪೆನ್ನಿಂದು.

ಶನಿವಾರ ಮುಂಜಾನೆ ಅಂಗಡಿ ಅರ್ಧ ಶಟರ್ ಇಳಿಸಿದ. ಒಳಗ ಮೂರ ಮಂದಿ. ಹಯಾತಸಾಬ, ಗುಲ್ನಾಜ, ಮತ್ತ ಕುಲಸುಮಬಿ ತಮ್ಮ ನಾಸೀರ. ನಾಸೀರ ದಮ್ಮಾಮಿನ್ಯಾಗ ಟ್ರಕ್ ಹೊಡದು ಬಂದಂವ. ಅರಬಸ್ತಾನದ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಅಲ್ಲಿ ಒಂಟಿ ಸೈತ ಅವನ ಮಾತು ಕೇಳಿ ಹಾದಿ ಬಿಡ್ತಿತ್ತು ಅಂತ ಅವನ ಹೇಳ್ತಾನ.

“ದುಲ್ಹಾಭಾಯಿ, ಅಂಜಬ್ಯಾಡ್ರಿ, ಎಳದುಬಿಡ್ರಿ” ಅಂದ ನಾಸೀರ.

“ನಿನ್ನ ಬಾಯಿಗೊಂದು ಲ್ಯಾಮಿನೇಶನ್ ಮಾಡ್ತೇನಿ ನೋಡು, ಸುಮ್ಕಿರು” ಅಂದ ಹಯಾತಸಾಬ.

ಹಿಂದಿನ ಭಾಗ ಮೊದಲು. ಅಲ್ಲೆ ಏನೂ ಬರದಿಲ್ಲ, ಖಾಲಿ. ಶಿಕ್ಕಾ ಬೀಳೂದೂ ಅಲ್ಲೇ. ಅರಬಿ ಹಾಸಿದ, ಕಾವು ಕೊಟ್ಟ, ನೂಲು ಬಿಟ್ಟ. ಗುಲ್ನಾಜ ಎರಡೂ ಕೈಲೆ ಅಂಚು ಹಿಡದಿದ್ಲು, ದವಾಖಾನ್ಯಾಗ ಕೂಸಿನ ತಲಿ ಹಿಡದಂಗ. ಹೊರಗ ಬಸ್ಸು ಹಾರ್ನ್ ಹೊಡೀತು, ಯಾರೋ ಜೆರಾಕ್ಸ್ ಐತೇನ್ರಿ ಅಂತ ಒದರಿದ್ರು. ಫಿಲ್ಮು ಒಂದ ಬೆರಳ ಎದ್ದಿತು, ಎರಡ ಬೆರಳ ಎದ್ದಿತು. ನಡುವ ಒಂದ ಕಡೆ ಕಾಗದದ ಎಳಿ ಎದ್ವು. ಹಯಾತಸಾಬ ನಿಂತ, ನೂಲು ಇನ್ನೊಂದು ಕಡಿಯಿಂದ ತಂದ. ಬಂತು. ಪೂರಾ ಬಂತು. ಹಿಂದಿನ ಭಾಗ ಬೆಳ್ಳಗ, ಒಂಚೂರು ಎಳಿ ಎಳಿಯಾಗಿ ಜೂಲು ಎದ್ದಿತ್ತು, ಅಷ್ಟ.

“ಇಷ್ಟಕ್ಕ ಬಿಡೋಣೇನು?” ಅಂದ ಹಯಾತಸಾಬ. “ಶಿಕ್ಕಾ ಹೊಡ್ಯೂದು ಹಿಂದ ಅಲ್ಲೇನು?”

ಗುಲ್ನಾಜ ಸುಯಮೀಂದ್ರನಿಗೆ ಫೋನ್ ಹಚ್ಚಿದ್ಲು. ಅವನ ಮಾತು ಹೊರಗೂ ಕೇಳಿಸ್ತು: “ಇಲ್ಲವಾ, ಎರಡೂ ಕಡೆ ತಗೀಬೇಕು. ಒಂದ ಕಡೆ ಪ್ಲಾಸ್ಟಿಕ್ ಇದ್ರೂ ಕೌಂಟರಿನ್ಯಾಗ ತಗೋಳೂದಿಲ್ಲ.”

ಮುಂದಿನ ಭಾಗ. ಬೋರ್ಡಿನ ಲಾಂಛನ ದಾಟಿತು. ಗುಲ್ನಾಜಳ ಹೆಸರು ದಾಟಿತು. ನಂಬರು, ತಾರೀಖು ದಾಟಿದ್ವು. ಹಯಾತಸಾಬನ ಹಣಿ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಅದು ಕಾಗದದ ಮ್ಯಾಲೆ ಬಿದ್ರ ಹೆಂಗ ಅಂತ ನಾಸೀರ ತನ್ನ ಟವಲ್ಲಿನ ತುದಿಲೆ ಒರಸಿದ. ಸಹಿ ಹತ್ತಿರ ಬಂತು. ನೂಲನ್ನ ಇರಿವಿ ನಡದಂಗ ನಡಸಿದ. ಮೊದಲ ಅಕ್ಷರ ಕಾಗದದಾಗ ಉಳೀತು. ಎರಡನೇದೂ ಉಳೀತು. ಮೂರನೇದರ ಹತ್ತಿರ ನೀಲಿ ಗೆರಿ ಹಾವಿನಂಗ ಎದ್ದು ಫಿಲ್ಮಿಗೆ ಹತ್ತಿಕೊಂಡು ಮ್ಯಾಲೆ ಹೋತು.

ಹಯಾತಸಾಬ ಕೈ ನಿಲ್ಲಿಸಿದ. ನಿಲ್ಲಿಸಿದ್ರೂ ಆಗೂದು ಆಗಿತ್ತು. ಸಹಿಯ ಅರ್ಧಾ ಕಾಗದದಾಗ, ಅದರ ಬಾಲ ಫಿಲ್ಮಿನ್ಯಾಗ.

ಇಸ್ತ್ರಿಪೆಟ್ಟಿಗಿಯ ಕೆಂಪು ದೀಪ ಆರಿತು, ಮತ್ತ ಹತ್ತಿತು. ಗುಲ್ನಾಜ ಅಂಚು ಹಿಡದ ಕೈ ಬಿಡಲಿಲ್ಲ. ಉಳಿದ ಫಿಲ್ಮನ್ನ ಹಯಾತಸಾಬ ಹೆಂಗ ತಗದನೋ ಅವನಿಗ ಗೊತ್ತಿಲ್ಲ.

ನಾಸೀರ ಮೇಜಿನ ಮ್ಯಾಲಿನ ಡಬ್ಬಿಯಿಂದ ಒಂದು ನೀಲಿ ಪೆನ್ನು ತಗದು ಮುಂದ ಹಿಡದ. “ದುಲ್ಹಾಭಾಯಿ, ನಿಮ್ಮ ಕೈ ಎಷ್ಟು ನಾಜೂಕೈತಿ. ಬಾಲ ಎಲ್ಲಿ ಹೋಗಿತ್ತು ಅಂತ ಫಿಲ್ಮಿನ್ಯಾಗ ಕಾಣತೈತಿ. ನೋಡಿಕೊಂಡು ಎಳದುಬಿಡ್ರಿ. ಒಂದ ಗೆರಿ. ಯಾರಿಗೆ ತಿಳೀತೈತಿ?”

“ಅದು ಖೋಟಾ ಆಗತೈತಿ.”

“ಖೋಟಾ ಹೆಂಗ್ರಿ? ಇದ್ದ ಸಹೀನ ಇದ್ದಲ್ಲೇ ಇಡಾಕತ್ತೇವಿ. ಬ್ಯಾರೇದವ್ರ ಸಹಿ ಹಾಕಾಕತ್ತಿಲ್ಲ. ಅಲ್ಲೆ ಹೋದ ಮಂದಿ ಅರ್ಧಾ ಇಂಥದ್ದ ಮಾಡಿಸಿಕೊಂಡು ಹೋಗ್ಯಾರ.”

“ಹೋದವ್ರು ಎಲ್ಲಾರೂ ಹೊಳ್ಳಿ ಬಂದಾರೇನು?”

ನಾಸೀರ ಪೆನ್ನು ಕೈಯಾಗ ತಿರುವಿದ. ದಮ್ಮಾಮಿನ್ಯಾಗ ಅವನ ಕೋಲಿಯೊಳಗ ಇದ್ದಂವ ಒಬ್ಬಾಂವ ಸುಳ್ಳ ಕಾಗದದ ಸಲುವಾಗಿ ಜೇಲಿನ್ಯಾಗ ಕುಂತಿದ್ದ, ಆ ಕಥಿ ನಾಸೀರ ಮನ್ಯಾಗ ಎಷ್ಟೋ ಸಲ ಹೇಳಿದ್ದ. ಈಗ ಅದನ್ನ ಹೇಳಲಿಲ್ಲ. “ಸೋಮವಾರ ಐತ್ರಿ, ದುಲ್ಹಾಭಾಯಿ” ಅಂದ, ಅಷ್ಟ.

ಹಯಾತಸಾಬ ಪೆನ್ನು ತಗೊಂಡ. ಪೆನ್ನಿನ ಟೊಪಿಗಿ ತಗದ. ಒಂದು ರದ್ದಿ ಹಾಳಿ ಮ್ಯಾಲೆ ಆ ಬಾಲ ಬರದು ನೋಡಿದ. ಅದರಂಗ ಬಂತು. ಇನ್ನೊಂದು ಸಲ ಬರದ. ಇನ್ನೂ ಚೊಲೋ ಬಂತು. ಅದ ಅವನಿಗೆ ಅಂಜಿಕಿ ಹುಟ್ಟಿಸಿದ್ದು. ಮೈಯಾಗ ಇಷ್ಟು ಕಳ್ಳತನ ಇಷ್ಟು ದಿನ ಎಲ್ಲೆ ಕುಂತಿತ್ತು ಅಂತ. ಪೆನ್ನು ಸರ್ಟಿಫಿಕೇಟಿನ ಮ್ಯಾಲೆ ತಂದ. ಶಾಯಿ ಕಾಗದ ಮುಟ್ಟೂದಕ್ಕ ಒಂದು ಕೂದಲೆಳಿ ಉಳದಿತ್ತು.

“ಅಬ್ಬಾ.”

ಗುಲ್ನಾಜಳ ಧ್ವನಿ ದೊಡ್ಡದಿರಲಿಲ್ಲ.

“ದವಾಖಾನ್ಯಾಗ ಪೇಷಂಟಿನ ಚಾರ್ಟ್ ಬರಿಯುವಾಗ ತಪ್ಪಾದ್ರ ನಾವು ಅಳಸಂಗಿಲ್ರಿ, ಅದರ ಮ್ಯಾಲೆ ತಿದ್ದಂಗೂ ಇಲ್ಲ. ತಪ್ಪು ಕಾಣೂ ಹಂಗ ಒಂದ ಗೆರಿ ಎಳದು, ಬಾಜೂಕ ಖರೇದು ಬರದು, ನಮ್ಮ ಸಹಿ ಹಾಕ್ತೇವಿ. ತಪ್ಪು ಮಾಡಿದಾಕಿಗೆ ಡಾಕ್ಟರ್ ಬೈತಾರ. ಮುಚ್ಚಿಟ್ಟಾಕೀನ ಮನಿಗೆ ಕಳಸ್ತಾರ.” ಪೆನ್ನಿನ ತುದಿ ಮ್ಯಾಲೆ ಬೆರಳಿಟ್ಲು, ಬೆರಳಿಗೆ ನೀಲಿ ಚುಕ್ಕಿ ಹತ್ತಿತು. “ನಾ ಅಲ್ಲಿ ಹೋಗಿ ದಿನಾ ಇದನ್ನ ನೆನಿಸಿಕೊಂಡು ಸೂಜಿ ಹಿಡಿಯಾಕ ಆಗಂಗಿಲ್ಲ. ಏನಾಗೈತೋ ಅದನ್ನ ಬರದು ಕೊಡೋಣ್ರಿ. ಫಿಲ್ಮೂ ಒಯ್ಯೋಣು.”

“ಮತ್ತ ಒಲ್ಲೆ ಅಂದ್ರ? ಜಾಗಾ ಹೋತಂದ್ರ?”

“ಹೋಕ್ಕತಿ” ಅಂದ್ಲು ಗುಲ್ನಾಜ. ಅಂದು ಮುಖ ಆ ಕಡೆ ತಿರುವಿದ್ಲು.

ಮಧ್ಯಾಹ್ನಕ್ಕ ಮತ್ತ ಶಿಗ್ಗಾಂವಿ. ಸುಯಮೀಂದ್ರ ಕಾಗದ ನೋಡಿದ, ಫಿಲ್ಮ್ ನೋಡಿದ. “ಇಂಥಾದ್ದು ನಾ ಎಂದೂ ಕಳಿಸಿಲ್ಲ ಕಾಕಾ. ತಗೊಂಡ್ರೂ ತಗೊಂಡಾರು. ಇಲ್ಲಾ ‘ಕೆಟ್ಟ ಕಾಗದ’ ಅಂತ ಕಂಪ್ಯೂಟರಿನ್ಯಾಗ ಹಾಕಿದ್ರಂದ್ರ, ನಕಲು ಬರೂತನಕ ಈ ಹುಡುಗಿಗೆ ಯಾವ ದೇಶದ ಬಾಗಿಲೂ ಇಲ್ಲ. ತಿಳದು ಹೋಗ್ರಿ.”

“ಬರೀರಿ” ಅಂದ ಹಯಾತಸಾಬ.

ಸುಯಮೀಂದ್ರ ಅಫಿಡವಿಟ್ ಬರಿಯಾಕ ಕುಂತ. ಹಯಾತಸಾಬ ಹೇಳ್ತಾ ಹೋದ, “ಹಯಾತಸಾಬ ಆದ ನಾನು, ಮಗಳ ಮ್ಯಾಲಿನ ಪ್ರೀತಿ-ಮಾಯಾಕ್ಕ ಎರಡು ಸಲ ಮಶೀನಿನ್ಯಾಗ ಬಿಟ್ಟೆ...”

“ಮಾಯಾ ಇಂಗ್ಲೀಷಿನ್ಯಾಗ ಹಾಕಲಿಕ್ಕೆ ಬರೂದಿಲ್ಲ, ಸಾಹೇಬರು ನಗ್ತಾರ. ‘ಜೋಪಾನಕ್ಕಾಗಿ’ ಅಂತ ಹಾಕ್ತೇನಿ.”

“ಗೆದ್ದಲ ಬಗ್ಗೆ ಬರೀರಿ.”

“ಗೆದ್ದಲ ಬ್ಯಾಡ.”

“ಗೆದ್ದಲ ಇಲ್ಲಾಂದ್ರ ನಾ ಹುಚ್ಚ ಅಂತ ತಿಳೀತಾರ. ಇರಲಿ ಒಂದು ಸಾಲು.”

ಸುಯಮೀಂದ್ರ ನಿಟ್ಟುಸಿರು ಬಿಟ್ಟು ಗೆದ್ದಲನ್ನೂ ಇಂಗ್ಲೀಷಿಗೆ ಏರಿಸಿದ. ಕನ್ನಡದ್ದೊಂದು, ಇಂಗ್ಲೀಷಿಂದೊಂದು, ಎರಡಕ್ಕೂ ಹಯಾತಸಾಬ ಸಹಿ ಮಾಡಿದ. ಆ ಸಹಿ ಅವನ ಸಹಿಯಂಗ ಇರಲೇ ಇಲ್ಲ. ನೋಟರಿ ಎರಡು ಸಲ ಅವನ ಮುಖ ನೋಡಿ ಶಿಕ್ಕಾ ಹೊಡದ.

ಸೋಮವಾರ ಮುಂಜಾನೆ ಬೆಂಗಳೂರು. ಆಫೀಸಿನ ಪಾಳೇದಾಗ ಹಯಾತಸಾಬ ಫೈಲನ್ನ ಎದಿಗೆ ಅವಚಿಕೊಂಡು ನಿಂತಿದ್ದ. ಮುಂದಿನವ್ರ ಕಾಗದ ಒಂದೊಂದ ಕೌಂಟರಿಗೆ ಹೋಗ್ತಿದ್ವು, ಧಡ್ ಧಡ್ ಶಿಕ್ಕಾ ಬೀಳ್ತಿದ್ವು. ಒಬ್ಬಾಂವನ ಕಾಗದ ಹೊಳ್ಳಿ ಬಂತು. ಲ್ಯಾಮಿನೇಶನ್. ಹಯಾತಸಾಬ ಆ ಕಾಗದ ನೋಡಲೇಬಾರದು ಅಂದುಕೊಂಡ, ಆದ್ರೂ ನೋಡಿದ. ತನ್ನ ಕೆಲಸ ಅಲ್ಲ, ಅಂಚು ಸೊಟ್ಟ ಇತ್ತು. ಇಂಥಾ ಹೊತ್ತಿನ್ಯಾಗೂ ಅವನಿಗೆ ಅದು ಕಾಣಿಸ್ತು ನೋಡ್ರಿ.

ಕೌಂಟರಿನ್ಯಾಗ ಕುಂತಾಕಿ ಕೊರಳಾನ ಕಾರ್ಡಿನ ಮ್ಯಾಲೆ ಸಮತಾ ಅಂತಿತ್ತು. ಸರ್ಟಿಫಿಕೇಟ್ ತಿರುವಿ ನೋಡಿದ್ಲು. ಸಹಿ ಮ್ಯಾಲೆ ಆಕಿ ಕಣ್ಣು ನಿಂತಿತು.

“ಇದು ಡ್ಯಾಮೇಜ್ ಆಗಿದೆ. ಯಾರು ಬಿಚ್ಚಿದ್ದು?”

“ನಾನ್ರಿ ಮೇಡಂ. ಹಾಕಿದ್ದೂ ನಾನ, ಬಿಚ್ಚಿದ್ದೂ ನಾನ. ಅರ್ಧಾ ಸಹಿ ಅದರಾಗೈತಿ, ಅರ್ಧಾ ಇದರಾಗೈತಿ” ಅಂತ ಹಯಾತಸಾಬ ಫಿಲ್ಮು, ಅಫಿಡವಿಟ್ಟು ಎರಡೂ ಮುಂದಿಟ್ಟ.

ಸಮತಾ ಅಫಿಡವಿಟ್ ಓದಾಕತ್ತಿದ್ಲು. ಓದಕೋತ ಓದಕೋತ ಒಂದು ಕಡೆ ಆಕಿ ಹುಬ್ಬು ಏರಿತು. ಗೆದ್ದಲದ ಸಾಲು ಇರಬೇಕು. ಎದ್ದು ಒಳಗ ಹೋದ್ಲು.

ಹಿಂದ ಪಾಳೆ ಗುಜುಗುಜು ಅನ್ನಾಕತ್ತಿತು. “ಏನ್ ಸರ್, ಎಷ್ಟೊತ್ತು?” ಅಂದ ಒಬ್ಬಾಂವ. ಗುಲ್ನಾಜ ಕೌಂಟರಿನ ಕಟ್ಟಿ ಹಿಡಕೊಂಡು ನಿಂತಿದ್ಲು. ಹಯಾತಸಾಬನಿಗೆ ದರ್ಗಾಕ್ಕ ಏನರ ಬೇಡಿಕೊಳ್ಳೋಣು ಅನಿಸ್ತು, ಆದ್ರ ಏನು ಬೇಡಬೇಕು ಅಂತ ತಿಳೀಲಿಲ್ಲ. ಹೋದ ಗೆರಿ ಹೊಳ್ಳಿ ಬರಲಿ ಅಂತ ಬೇಡಿದ್ರ ಯಾವ ಪೀರಸಾಹೇಬನೂ ಒಪ್ಪಂಗಿಲ್ಲ.

ಸಮತಾ ಹೊಳ್ಳಿ ಬಂದ್ಲು. “ಫಿಲ್ಮನ್ನ ಅದು ಇದ್ದ ಜಾಗದಲ್ಲೇ ಇಟ್ಟು ತೋರಿಸಿ. ಸಾಹೇಬರು ನೋಡಬೇಕಂತೆ.” ಆಕಿ ಹಿಂದ ಕನ್ನಡಕದ ಒಬ್ಬ ಮನಿಷ್ಯಾ ಬಂದು ನಿಂತಿದ್ದ.

ಫಿಲ್ಮು ಕಾವಿಗೆ ಸುರುಳಿ ಆಗಿತ್ತು. ಹಯಾತಸಾಬ ಅದನ್ನ ಬಿಡಿಸಿದ, ಅದು ಮತ್ತ ಸುರುಳಿ ಆತು. ನಾಕೂ ತಾಲೂಕಿನ ಕಾಗದ ಒಂದು ನೂಲು ಆಚೀಚೆ ಆಗದಂಗ ಕೂಡ್ರಿಸಿದ ಕೈ ಅವತ್ತು ಮಾತು ಕೇಳಲಿಲ್ಲ. ಒಂದು ಸಲ ಇಟ್ಟ, ಸೊಟ್ಟಾತು. ಎರಡನೇ ಸಲ ಇಟ್ಟ, ಮ್ಯಾಲಾತು. ಸಾಹೇಬ ಗಡಿಯಾರ ನೋಡಿದ. ಗುಲ್ನಾಜ ಫಿಲ್ಮಿನ ಒಂದು ಮೂಲಿ ಹಿಡದ್ಲು, ಅವನು ಇನ್ನೊಂದು. ಮೆಲ್ಲಕ ಸರಸಿದ್ರು. ಲಾಂಛನದ ಗುರುತು ಲಾಂಛನಕ್ಕ ಕುಂತಿತು. ಕೆಳಗ ಬಾಲ ಹೋಗಿ ಅಕ್ಷರಕ್ಕ ಕೂಡಿತು.

ಸಾಹೇಬ ಬಗ್ಗಿ ನೋಡಿದ. ಕಂಪ್ಯೂಟರಿನ್ಯಾಗ ಆ ಸೆಕ್ರೆಟರಿ ಸಹಿ ತಗದು ನೋಡಿದ. ಮತ್ತ ಬಗ್ಗಿದ.

“ಸಂಜೆ ಬನ್ನಿ. ಬೋರ್ಡಿಗೆ ಕೇಳಬೇಕು.”

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹೊರಗಿನ ಕಟ್ಟಿ ಮ್ಯಾಲೆ ಇಬ್ಬರೂ ಕುಂತ್ರು. ಕುಲಸುಮಬಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ ಬಿಚ್ಚಲಿಲ್ಲ. ನಡುವ ಒಮ್ಮೆ ಹಯಾತಸಾಬ ಅಂದ, “ನಾ ಆ ಗೆರಿ ಎಳದಿದ್ರ ಇಷ್ಟೊತ್ತಿಗೆ ಊರಿನ ಬಸ್ಸಿನ್ಯಾಗ ಇರ್ತಿದ್ವಿ.”

“ಇರ್ತಿದ್ವಿ” ಅಂದ್ಲು ಗುಲ್ನಾಜ. “ಇಬ್ಬರೂ ಬಾಯಿ ಮುಚ್ಚಿಕೊಂಡು.”

“ಈಗೇನು ಬಾಯಿ ತಕ್ಕೊಂಡು ಕುಂತೇವಿ?”

ಅವತ್ತು ಮೊದಲನೇ ಸಲ ಆಕಿ ನಕ್ಕಳು. ನಗೂ ನಡುವ ಕಣ್ಣಾಗ ನೀರು ಬಂತು. ಹಯಾತಸಾಬ ನೋಡದಂಗ ಎದುರಿನ ಗಿಡ ನೋಡಿದ.

ಬಿಸಿಲು ಇಳಿಯೂ ಹೊತ್ತಿಗೆ ಕರದ್ರು. ಸಮತಾ ಸರ್ಟಿಫಿಕೇಟನ್ನ ತಿರುವಿ ಬೋರಲ ಹಾಕಿದ್ಲು. “ಬೋರ್ಡಿನವರು ನಂಬರ್ ಸರಿಯಿದೆ ಅಂದಿದ್ದಾರೆ. ಫಿಲ್ಮು, ಅಫಿಡವಿಟ್ಟು ನಮ್ಮ ಫೈಲಲ್ಲಿ ಇರುತ್ತೆ, ವಾಪಸ್ ಕೊಡಲ್ಲ” ಅಂದ್ಲು. ಹಿಂದಿನ ಬಿಳಿ ಭಾಗದಾಗ ಜೂಲು ಎದ್ದ ಜಾಗಾ ಬಿಟ್ಟು, ಒಂಚೂರು ಬಾಜೂಕ ಶಿಕ್ಕಾ ಇಟ್ಟು ಒತ್ತಿದ್ಲು. ಧಡ್. ಅದರ ಮ್ಯಾಲೆ ಸಾಹೇಬನ ಸಹಿ. ಪೆನ್ನಿಂದು, ಹಸಿ ಹಸಿ.

ಗುಲ್ನಾಜ ಅದನ್ನ ಎರಡೂ ಅಂಗೈ ಮ್ಯಾಲೆ ಇಟ್ಟಕೊಂಡು ಹೊರಗ ಬಂದ್ಲು. “ಅಬ್ಬಾ, ನೋಡ್ರಿ, ಹಿಡೀರಿ.”

“ನೀನ ಹಿಡಿ” ಅಂದ ಹಯಾತಸಾಬ, ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು. ಬಗ್ಗಿ, ದೂರಿಂದ ಶಾಯಿ ಒಣಗಲಿ ಅಂತ ಮೆಲ್ಲಕ ಊದಿದ.

ಕುಲಸುಮಬಿಗೆ ಫೋನ್ ಹಚ್ಚಿದ್ರು. ಮೊದಲನೇ ರಿಂಗಿಗೆ ಎತ್ತಿದ್ಲು. “ಆತೇನ್ರಿ?”

“ಆತು. ಬೆಂಗಳೂರಿಂದು ಆತು” ಅಂದ ಹಯಾತಸಾಬ. “ಇನ್ನ ದಿಲ್ಲಿ ಐತಿ, ದೂತಾವಾಸ ಐತಿ.”

ಆ ಕಡೆ ಆಕಿ ಮೆಲ್ಲಕ ದುವಾ ಮಾಡಿದ್ಲು. ಆಮ್ಯಾಲೆ ಸಾಫಾಗಿ ಕೇಳಿಸ್ತು:

“ದಿಲ್ಲಿಗೆ ಕಾಗದ ಅಷ್ಟ ಹೋಗಲಿ. ನೀವು ಹೋಗಬ್ಯಾಡ್ರಿ.”